ನಾಕ್ಸೋಸಿನ ಎರಡು ಟ್ರೇ ಬಟಾಟಿ

ಆಳಂದ

ನಾನು ಗ್ರೀಸ್ ದೇಶಕ್ಕೆ ಹೋದದ್ದು ಅಡುಗೆಯವಳಾಗಿ. ಆಳಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹದಿನೇಳು ವರ್ಷದಿಂದ ನನ್ನದೊಂದು ಖಾನಾವಳಿ ಇದೆ. ಜೋಳದ ರೊಟ್ಟಿ, ಎರಡು ಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಅನ್ನ, ಕಟ್ಟಿನ ಸಾರು. ಹೊರಗೆ ಎಲ್ಲೂ ಬಾಯಿಗೆ ಏನೂ ಹಾಕದ ಕೆಲವು ಹಿರಿಯರು ನನ್ನಲ್ಲಿ ಮಾತ್ರ ಕೂತು ಉಣ್ಣುತ್ತಾರೆ. ಅದು ನನಗೆ ಹೆಮ್ಮೆಯ ವಿಷಯ.

ಸಂಗಮೇಶ ಓದುವ ಕಾಲಕ್ಕೆ ನಮ್ಮಲ್ಲಿ ಉಂಡು ಬೆಳೆದ ಹುಡುಗ. ಈಗ ಕಲಬುರಗಿಯಲ್ಲಿ ಜನರನ್ನು ಯಾತ್ರೆಗೆ ಕರೆದೊಯ್ಯುವ ಕೆಲಸ ಮಾಡುತ್ತಾನೆ. ಕಾಶಿ, ಕೇದಾರ ಎಲ್ಲ ಆಗಿ, ಈ ಸಲ ಮೊದಲ ಬಾರಿ ಹೊರದೇಶಕ್ಕೆ ಹದಿನಾರು ಜನರನ್ನು ಹೊಂದಿಸಿದ್ದ. ಎಲ್ಲರೂ ಆಳಂದ, ಅಫಜಲಪುರ, ಜೇವರ್ಗಿ ಕಡೆಯವರು. ಹೆಚ್ಚಿನವರು ಅರವತ್ತು ದಾಟಿದವರು.

"ಅಕ್ಕಾ, ಅಲ್ಲಿ ನೋಡೂದೆಲ್ಲ ನಾ ತೋರಸ್ತೇನಿ. ಆದ್ರ ಸಂಜಿಗಿ ಅನ್ನ-ಸಾರು ಸಿಗಲಿಲ್ಲಂದ್ರ ಈ ಮಂದಿ ನನ್ನ ಸಮುದ್ರಕ್ಕ ನೂಕ್ತಾರ. ನೀವು ಬರ್ರಿ," ಎಂದು ಬಂದು ಕೂತ.

ಖಾನಾವಳಿಯನ್ನು ತಂಗಿಗೆ ಒಪ್ಪಿಸಿದೆ. ಎರಡು ದೊಡ್ಡ ಪೆಟ್ಟಿಗೆಯಲ್ಲಿ ತೊಗರಿಬೇಳೆ, ಅಕ್ಕಿ, ಖಾರದ ಪುಡಿ, ಒಣ ರೊಟ್ಟಿ, ಹಿಂಡಿ ತುಂಬಿದೆ. ನಲವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತಿದೆ.

ಅಥೆನ್ಸ್

ದೊಡ್ಡ ದೇಶ, ಬೇರೆಯೇ ಲೋಕ ಎಂದುಕೊಂಡು ಇಳಿದವಳಿಗೆ ಕಂಡದ್ದು ಬಿಸಿಲು, ಕಲ್ಲು, ಒಣ ಗುಡ್ಡ. ಕಲಬುರಗಿ ಬಿಟ್ಟು ಬಂದೆನೋ ಇಲ್ಲವೋ ಎನಿಸಿತು. ನಮ್ಮಲ್ಲಿ ಬೇವು, ಜಾಲಿ ಇರುವ ಕಡೆ ಇವರಲ್ಲಿ ಆಲಿವ್ ಗಿಡ, ಅಷ್ಟೆ. ಜನರೂ ನಮ್ಮವರಂತೆಯೇ ದನಿ ಏರಿಸಿ ಮಾತಾಡುತ್ತಾರೆ. ಜಗಳವೆಂದು ತಿರುಗಿ ನೋಡಿದರೆ ಇಬ್ಬರೂ ನಗುತ್ತಿರುತ್ತಾರೆ.

ಒಂದು ವಿಷಯ ಮಾತ್ರ ನಮ್ಮನ್ನು ಬಹಳ ಕಾಡಿಸಿತು. ಅವರ ಭಾಷೆಯಲ್ಲಿ 'ನೇ' ಎಂದರೆ ಹೌದು. ನಮ್ಮ ಕಡೆಯ ಉರ್ದು ಮಾತಿನಲ್ಲಿ 'ನೈ' ಎಂದರೆ ಇಲ್ಲ. ಬೇಡವೆನ್ನಲು ಅವರು ಬಾಯಿಯನ್ನೇ ತೆರೆಯುವುದಿಲ್ಲ, ಹುಬ್ಬು ಏರಿಸಿ ತಲೆಯನ್ನು ತುಸು ಹಿಂದಕ್ಕೆ ಎತ್ತುತ್ತಾರೆ. ನಮ್ಮ ಗುಂಪಿನವರೊಬ್ಬರು ಅಂಗಡಿಯಲ್ಲಿ ನೀರು ಕೇಳಿ, ಅಂಗಡಿಯವನು 'ನೇ, ನೇ' ಎಂದದ್ದಕ್ಕೆ ಸಿಟ್ಟಾಗಿ ಬರಿಗೈಲಿ ಬಂದರು. ಅವನು ಬಾಟಲಿ ಹಿಡಿದು ಹಿಂದೆಯೇ ಓಡಿ ಬಂದ.

ನೀಲಮ್ಮನವರನ್ನು ನಾನು ಸರಿಯಾಗಿ ಗಮನಿಸಿದ್ದು ಅಥೆನ್ಸಿನಲ್ಲಿ. ಭೀಮಾ ದಂಡೆಯ ಮಣ್ಣೂರಿನವರು, ಎಪ್ಪತ್ನಾಲ್ಕು ವರ್ಷ. ನಾವೆಲ್ಲ ಆಯಿ ಎಂದೇ ಕರೆಯುತ್ತಿದ್ದೆವು. ಜೇವರ್ಗಿಯ ಕಾಲೇಜಿನಲ್ಲಿ ಪಾಠ ಮಾಡುವ ಮಗಳು ಶೈಲಜಾ ಅವರನ್ನು ಕರೆತಂದಿದ್ದಳು. ಆಯಿಗೆ ಎಂಟು ತಿಂಗಳ ಹಿಂದೆ ಕಾಮಾಲೆ ಆಗಿ, ಅದು ವಾಸಿಯಾದ ಮೇಲೂ ಬಾಯಿಗೆ ರುಚಿಯೇ ಮರಳಿರಲಿಲ್ಲ. ಹೊಟ್ಟೆ ಹಸಿಯುತ್ತದೆ, ತುತ್ತು ಒಳಗೆ ಹೋಗುವುದಿಲ್ಲ. ಗಾಳಿ ಬದಲಾದರೆ ಸರಿಹೋದೀತು ಎಂದು ಯಾರೋ ಹೇಳಿದ್ದಕ್ಕೆ ಮಗಳು ಈ ಪ್ರವಾಸಕ್ಕೆ ಹೆಸರು ಬರೆಸಿದ್ದಳು.

ನಾನು ಮಾಡಿದ ಕಟ್ಟಿನ ಸಾರನ್ನು ಆಯಿ ಎರಡು ಚಮಚ ಕುಡಿದು ಬಟ್ಟಲು ಸರಿಸಿದರು.

"ಛಲೋ ಮಾಡಿರಬೇಕು ಬೇ ನೀ. ನನಗ ಎಲ್ಲಾ ಮಣ್ಣ ತಿಂದಂಗ ಆಗ್ತದ," ಎಂದರು.

ಅಡುಗೆಯವಳಿಗೆ ಇದಕ್ಕಿಂತ ಬೇಸರದ ಮಾತಿಲ್ಲ. ಶೈಲಜಾ ನನ್ನ ಮುಖ ನೋಡಿ, "ನೀವು ಮನಸ್ಸಿಗೆ ಹಚ್ಕೋಬ್ಯಾಡ್ರಿ ಅಕ್ಕಾರ. ಮನ್ಯಾಗ ನಾ ಮಾಡಿದ್ದೂ ಹಿಂಗೇ," ಎಂದಳು. ಊಟದುದ್ದಕ್ಕೂ ಅವಳ ಕಣ್ಣು ತಾಯಿಯ ತಟ್ಟೆಯ ಮೇಲೇ ಇರುತ್ತಿತ್ತು. ಸ್ವಂತ ತಟ್ಟೆಯಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿರುತ್ತಿರಲಿಲ್ಲ.

ನಾಕ್ಸೋಸ್, ಹಡಗಿಲ್ಲದ ದಿನ

ನಾಕ್ಸೋಸ್ ಎಂಬ ದ್ವೀಪದಲ್ಲಿ ಎರಡು ದಿನ ಇದ್ದು ಮರಳುವುದೆಂದು ನಿಗದಿಯಾಗಿತ್ತು. ದೊಡ್ಡ ಪೆಟ್ಟಿಗೆಗಳನ್ನು ಅಥೆನ್ಸಿನ ಹೋಟೆಲಿನಲ್ಲೇ ಬಿಟ್ಟು, ಎರಡು ದಿನಕ್ಕೆ ಸಾಕಾಗುವಷ್ಟು ಬೇಳೆ, ರೊಟ್ಟಿ, ಹಿಂಡಿಯನ್ನು ಕೈಚೀಲಕ್ಕೆ ಹಾಕಿಕೊಂಡು ಹಡಗು ಹತ್ತಿದೆವು. ಆಯಿ ಕಟಕಟೆ ಹಿಡಿದು ಸಮುದ್ರವನ್ನೇ ನೋಡುತ್ತಿದ್ದರು.

"ನಮ್ಮ ಭೀಮಾ ಒಂದು ಕಡಿಂದ ಬಂದು ಒಂದು ಕಡಿ ಹೋಗ್ತದ. ಈ ನೀರು ಎಲ್ಲಿಗಿ ಹೋಗೂದು ಅಂತ ಅದಕರ ಗೊತ್ತದೋ ಇಲ್ಲೋ," ಎಂದರು.

ಮರಳಬೇಕಾದ ದಿನ ಬೆಳಗ್ಗೆ ಗಾಳಿ ಎದ್ದಿತು. ಬಂದರಿನಲ್ಲಿ ಕುರ್ಚಿಗಳು ತಾವಾಗಿ ನಡೆಯುತ್ತಿದ್ದವು. ಗಾಳಿ ನಿಲ್ಲುವವರೆಗೆ ಹಡಗು ಬಿಡುವುದಿಲ್ಲವೆಂದು ಹೇಳಿದರು. ನಮ್ಮವರು ಒಂದೇ ಸಮ ಗಡಿಯಾರ ನೋಡುತ್ತ, ಸಂಗಮೇಶನನ್ನು ಕೇಳಿದ್ದನ್ನೇ ಕೇಳುತ್ತ ನಿಂತರು. ಆ ಊರಿನವರು ಮಾತ್ರ ಕಾಫಿ ಮುಂದಿಟ್ಟುಕೊಂಡು ಹಾಯಾಗಿ ಕೂತಿದ್ದರು. ಇವತ್ತು ಇಲ್ಲದಿದ್ದರೆ ನಾಳೆ ಹೋಗುತ್ತದೆ ಎಂಬಂತೆ ಭುಜ ಹಾರಿಸುತ್ತಿದ್ದರು.

ದ್ವೀಪದಲ್ಲಿ ನಾವಿದ್ದ ಹೋಟೆಲಿನ ಕೋಣೆಗಳಿಗೆ ಬೇರೆಯವರು ಬಂದಾಗಿತ್ತು. ಸಂಗಮೇಶ ಅಲ್ಲಿ ಇಲ್ಲಿ ಓಡಾಡಿ, ಬಂದರಿನ ಮೇಲ್ಗಡೆ ಕೋಣೆಗಳನ್ನು ಬಾಡಿಗೆಗೆ ಕೊಡುವ ಎಲೆನಿ ಎಂಬ ಹೆಂಗಸಿನ ಮನೆ ಹುಡುಕಿದ. ಅವಳು ಅರವತ್ತರ ಆಸುಪಾಸಿನ ವಿಧವೆ. ಕಪ್ಪು ಬಟ್ಟೆ, ತುಂಬಿದ ಮೈ, ಓಣಿಯ ತುದಿಗೂ ಕೇಳುವ ದನಿ. ಸಂಗಮೇಶನ ಫೋನಿಗೆ ಅವಳು ಗ್ರೀಕಿನಲ್ಲಿ ಮಾತಾಡಿದರೆ ಫೋನು ಅದನ್ನು ಪುಸ್ತಕದ ಕನ್ನಡದಲ್ಲಿ ಹೇಳುತ್ತಿತ್ತು.

"ನನ್ನ ಅಡುಗೆಮನೆಯು ನಿಮ್ಮದಾಗಿದೆ. ದಯವಿಟ್ಟು ಹಸಿಯಬೇಡಿ," ಎಂದಿತು ಫೋನು. ಎಲ್ಲರೂ ನಕ್ಕೆವು.

ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ ಎಂದು ಸಂಗಮೇಶ ಅವಳಿಗೆ ಎರಡು ಸಲ ಹೇಳಿದ. "ನೇ, ನೇ," ಎಂದಳು. ಮೂಲೆಯಲ್ಲಿದ್ದ ಬುಟ್ಟಿ ತೋರಿಸಿ, "ಪತಾತೆಸ್!" ಎಂದಳು. ನೋಡಿದರೆ ಬಟಾಟಿ. ಆ ದ್ವೀಪ ಬಟಾಟಿಗೆ ಹೆಸರುವಾಸಿಯಂತೆ. ಎಷ್ಟು ದೂರ ಬಂದರೂ ಆಲೂಗಡ್ಡೆಗೆ ಹತ್ತಿರ ಹತ್ತಿರ ಅದೇ ಹೆಸರು. "ನಾವೂ ಬಟಾಟಿ ಅಂತೇವ್ರಿ!" ಎಂದೆ. ಅವಳಿಗೆ ತಿಳಿಯಿತು. ನನ್ನ ಕೆನ್ನೆ ಹಿಡಿದು ಅಲ್ಲಾಡಿಸಿದಳು.

ಮೊದಲ ಟ್ರೇ

ಗಾಳಿಯಲ್ಲಿ ಸಾಮಾನು ಹೊತ್ತು ಬಂದರಿನಿಂದ ಎಲೆನಿಯ ಮನೆಗೆ ಹತ್ತುವ ಮೆಟ್ಟಿಲುಗಳನ್ನು ನಾಲ್ಕು ಸಲ ಹತ್ತಿಳಿದದ್ದಕ್ಕೆ ನನಗೆ ತಲೆ ಸಿಡಿಯುತ್ತಿತ್ತು. ಎಲೆನಿ ನನ್ನ ಮುಖ ನೋಡಿ, ಕೈಯಿಂದ ಚಾಕು ಕಸಿದುಕೊಂಡು, ಒಂದು ಮಾತ್ರೆ ಕೊಟ್ಟು, ಪಕ್ಕದ ಕೋಣೆಯ ಹಾಸಿಗೆ ತೋರಿಸಿದಳು. ಹತ್ತು ನಿಮಿಷ ಕಣ್ಣು ಮುಚ್ಚೋಣವೆಂದು ಮಲಗಿದವಳು ಒಂದು ತಾಸಿಗೂ ಮೇಲೆ ನಿದ್ದೆ ಹೋದೆ.

ಎಚ್ಚರವಾದದ್ದು ವಾಸನೆಗೆ. ನಿಂಬೆಹಣ್ಣು, ಬೆಳ್ಳುಳ್ಳಿ, ಜೊತೆಗೆ ನಮ್ಮ ಅಜವಾನದಂಥ ಇನ್ನೊಂದು ಘಮ. ಅದು ಅವರು ಎಲ್ಲದಕ್ಕೂ ಉದುರಿಸುವ ರಿಗಾನಿ ಎಂಬ ಒಣ ಸೊಪ್ಪು. ಎಲೆನಿ ಓವನ್ನಿನಿಂದ ದೊಡ್ಡ ಟ್ರೇ ಹೊರಗೆ ತೆಗೆಯುತ್ತಿದ್ದಳು. ದೋಣಿಯಂತೆ ಉದ್ದಕ್ಕೆ ಹೆಚ್ಚಿದ ಬಟಾಟಿ, ಅಂಚೆಲ್ಲ ಕಂದು ಬಣ್ಣ. ಒಂದನ್ನು ಮುರಿದು ಕೊಟ್ಟಳು. ಮೇಲೆ ಕುರುಂ ಎಂದು, ಒಳಗೆ ಬೆಣ್ಣೆಯಂತೆ ಮೆತ್ತಗೆ, ನಿಂಬೆಯ ಹುಳಿ ಗಡ್ಡೆಯ ನಡುವಿನವರೆಗೂ ಇಳಿದಿತ್ತು. ಹದಿನೇಳು ವರ್ಷ ಬಟಾಟಿ ಪಲ್ಯ ಮಾಡಿದ್ದೇನೆ. ಹುಳಿ ಇಷ್ಟು ಒಳಗೆ ಹೋಗಿದ್ದನ್ನು ಕಂಡಿರಲಿಲ್ಲ.

ಊಟಕ್ಕೆ ರೊಟ್ಟಿ, ಹಿಂಡಿಯ ಪಕ್ಕಕ್ಕೆ ಈ ಬಟಾಟಿ ಬಡಿಸಿದೆ. ಶೈಲಜಾ ಕೇಳಿದಳು:

"ಅಕ್ಕಾರ, ಇದ್ರಾಗ ಬ್ಯಾರೆ ಏನೂ ಇಲ್ಲಲ್ರಿ? ಅವ್ವಗ ಕೊಡಬಹುದಲ್ಲ?"

"ಕೊಡ್ರಿ ಮೇಡಮ್. ನಾನೇ ನಿಂತು ಮಾಡಿಸೀನಿ," ಎಂದೆ.

ಯಾಕೆ ಹಾಗೆ ಹೇಳಿದೆ? ಅಡುಗೆಗೆಂದು ಬಂದವಳು ಮಲಗಿದ್ದೆ ಎಂದು ಹೇಳಲು ನಾಚಿಕೆಯಾಯಿತು. ಅಷ್ಟೇ.

ಆಯಿ ಒಂದು ತುಂಡನ್ನು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದರು. ಶೈಲಜಾ ಗಾಬರಿಯಾಗಿ, "ಯಾಕವ್ವಾ?" ಎಂದಳು.

"ಹುಳಿ ಅದ," ಎಂದರು ಆಯಿ. ಮತ್ತೆ ಅಗಿದು, "ಹುಳಿ ಹತ್ತಾಕತ್ತೇದ ನಾಲಿಗಿಗೆ," ಎಂದರು.

ಅವತ್ತು ಆಯಿ ಏಳು ತುಂಡು ತಿಂದರು. ಶೈಲಜಾ ಎದ್ದು ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಹಾಕಿ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ನಾನು ಮಾಡದ ಅಡುಗೆಗೆ ಆ ಕೈಗಳ ಕೃತಜ್ಞತೆಯನ್ನು ತೆಗೆದುಕೊಂಡೆ.

ಮರುದಿನ ಬೆಳಗ್ಗೆ

ಗಾಳಿ ನಿಂತಿರಲಿಲ್ಲ. ಬೆಳಗ್ಗೆ ಈರುಳ್ಳಿ ಸುಲಿದು ಸಿಪ್ಪೆಯನ್ನು ಕಸದ ಡಬ್ಬಿಗೆ ಹಾಕಲು ಹೋದೆ. ಮೇಲೆಯೇ ಬಿದ್ದಿತ್ತು ಬಂಗಾರ ಬಣ್ಣದ ಎರಡು ಸಣ್ಣ ಕಾಗದ, ಚಾಕಲೇಟಿಗೆ ಸುತ್ತಿದಂಥವು. ಅವುಗಳ ಮೇಲೆ ಕೋಳಿಯ ಚಿತ್ರ.

ಎಲೆನಿಗೆ ಕಾಗದ ತೋರಿಸಿ, ಬಟಾಟಿ ತೋರಿಸಿ, ಭಾಷೆ ಬಾರದೆ ಕೊನೆಗೆ "ಕೊಕ್ಕೊಕ್ಕೋ?" ಎಂದು ಕೋಳಿಯಂತೆ ಕೂಗಿದೆ.

"ನೇ! ನೇ!" ಎಂದು ಅವಳು ನಕ್ಕಳು. ಕಪಾಟಿನಿಂದ ಒಂದು ಡಬ್ಬಿ ತೆಗೆದು ಹೆಮ್ಮೆಯಿಂದ ತೋರಿಸಿದಳು. ಕೋಳಿ ರಸವನ್ನು ಬತ್ತಿಸಿ ಮಾಡಿದ ಚೌಕ ಬಿಲ್ಲೆಗಳು. ಬಿಸಿನೀರಿನಲ್ಲಿ ಕರಗಿಸಿ ನಿಂಬೆರಸದ ಜೊತೆ ಟ್ರೇಗೆ ಸುರಿದದ್ದನ್ನು ಕೈಸನ್ನೆಯಲ್ಲಿ ತೋರಿಸಿದಳು. ಅವಳ ಪ್ರಕಾರ ಅದು ಮಾಂಸವಲ್ಲ, ಬರೀ ರುಚಿಯ ಪುಡಿ.

ಸಂಗಮೇಶನನ್ನು ಹೊರಗೆ ಕರೆದು ಹೇಳಿದೆ. ಅವನು ತಲೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ.

"ಅಕ್ಕಾ, ಸುಮ್ಮ ಇದ್ದಬಿಡ್ರಿ. ಗೊತ್ತಿಲ್ಲದ ತಿಂದದ್ದು. ಎಂಟು ತಿಂಗಳಿಗಿ ನಿನ್ನಿ ಆಯಿ ಹೊಟ್ಟಿ ತುಂಬ ಉಂಡಾರ. ಈಗ ಹೇಳಿದ್ರ ಮತ್ತ ತುತ್ತ ಎತ್ತಂಗಿಲ್ಲ ಅವರು. ಹೇಳಿ ಯಾರಿಗಿ ಛಲೋ ಆಗ್ತದ ಹೇಳ್ರಿ?"

ಅವನು ಕೆಟ್ಟದ್ದೇನೂ ಹೇಳಲಿಲ್ಲ. ನನಗೂ ಒಂದು ಕ್ಷಣ ಅದೇ ಸರಿ ಎನಿಸಿತು. ಅಷ್ಟರಲ್ಲಿ ಮೇಲಿನ ಮಹಡಿಯಲ್ಲಿ ಸ್ನಾನದ ನೀರು ಬೀಳುವ ಸದ್ದು ಕೇಳಿತು. ಆಯಿ ಸ್ನಾನ ಮುಗಿಸಿ ಲಿಂಗಪೂಜೆಗೆ ಕೂಡುವ ಹೊತ್ತು. ಕೊರಳಲ್ಲಿ ಲಿಂಗ ಕಟ್ಟಿದ ದಿನದಿಂದ ಆ ಪೂಜೆಯನ್ನು ತಪ್ಪಿಸದವರು. ನನ್ನ ಮಾತು ನಂಬಿ ತಿಂದು, ಏನೂ ತಿಳಿಯದೆ ಇವತ್ತು ಲಿಂಗವನ್ನು ಅಂಗೈಯಲ್ಲಿ ಹಿಡಿಯುತ್ತಾರೆ. ಅದನ್ನು ನೆನೆದ ಮೇಲೆ ನನ್ನಿಂದ ನಿಲ್ಲಲಾಗಲಿಲ್ಲ. ಮೆಟ್ಟಿಲು ಹತ್ತಿದೆ.

ಆಯಿ ಒದ್ದೆ ಕೂದಲು ಒರೆಸಿಕೊಳ್ಳುತ್ತ ಮಂಚದ ಮೇಲೆ ಕೂತಿದ್ದರು. ಶೈಲಜಾ ವಿಭೂತಿಯ ಡಬ್ಬಿ ತೆಗೆಯುತ್ತಿದ್ದಳು.

"ಆಯಿ, ಪೂಜಿಗಿ ಕೂಡೂಕಿಂತ ಮೊದ್ಲ ಒಂದ ಮಾತ ಹೇಳಬೇಕ್ರಿ. ನಿನ್ನಿ ಬಟಾಟ್ಯಾಗ ಕೋಳಿ ರಸ ಇತ್ತು. ಆಕಿ ತಿಳೀಲಾರದ ಹಾಕ್ಯಾಳ. ತಪ್ಪು ಆಕೀದಲ್ರಿ. ನಾ ನಿಂತು ಮಾಡಿಸೀನಿ ಅಂದದ್ದು ಸುಳ್ಳು. ನಾ ಮಲಗಿದ್ದೆ."

ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಆಯಿಯ ಕೈ ಕೂದಲಲ್ಲೇ ನಿಂತಿತು.

"ನಾ ನಿಮ್ಮನ್ನ ಕೇಳಿದ್ದೆನಲ್ರಿ?" ಎಂದಳು ಶೈಲಜಾ. "ಬಾಯಿ ಬಿಟ್ಟು ಕೇಳಿದ್ದೆ. ನಿಮ್ಮನ್ನ ನಂಬಿ ಅವ್ವನ ತಟ್ಟಿಗಿ ನನ್ನ ಕೈಯಾರ ಹಾಕೀನಿ."

"ಹೌದ್ರಿ," ಎಂದೆ.

ಆಯಿ ಒರೆಸುವ ಬಟ್ಟೆಯನ್ನು ಮಡಚಿ ಬದಿಗಿಟ್ಟರು. ಆಮೇಲೆ, "ಶೈಲಾ, ಇನ್ನೊಮ್ಮಿ ನೀರ ಹಾಕು ಬಾ ನನಗ," ಎಂದು ಎದ್ದರು. ನನ್ನ ಕಡೆ ನೋಡಲಿಲ್ಲ.

ಕೆಳಗೆ ಬಂದು ನಾಷ್ಟಾಕ್ಕೆ ಕೂತಿದ್ದ ಉಳಿದವರಿಗೂ ಹೇಳಿದೆ. ಅಫಜಲಪುರದ ಒಬ್ಬರು, "ನಮ್ಮ ಮನ್ಯಾಗ ವಾರಕ್ಕೊಮ್ಮಿ ಕೋಳಿ ಕುದೀತದ ಬಿಡ್ರಿ, ನಮ್ಮದೇನೂ ಇಲ್ಲ," ಎಂದರು. ಇಬ್ಬರು ತಟ್ಟೆ ಬಿಟ್ಟು ಎದ್ದು ಹೋಗಿ ಹಣ್ಣು ಕೊಂಡು ತಿಂದರು. ಅವರನ್ನು ತಡೆಯುವ ಮುಖ ನನಗಿರಲಿಲ್ಲ.

ಎಲೆನಿಗೆ ಸಂಗಮೇಶ ಫೋನಿನಲ್ಲಿ ವಿಷಯ ತಿಳಿಸಿದ. ಅವಳು ಹಣೆ ಬಡಿದುಕೊಂಡಳು. ಆಮೇಲೆ ಮೆಲ್ಲಗೆ ಮಾತಾಡಿದಳು. ಅವಳ ದನಿ ಅಷ್ಟು ತಗ್ಗುತ್ತದೆಂದು ಅದುವರೆಗೆ ನನಗೆ ಗೊತ್ತಿರಲಿಲ್ಲ. ಫೋನು ಹೇಳಿತು: "ನನ್ನ ತಾಯಿಯು ಹಬ್ಬದ ಮೊದಲು ನಲವತ್ತು ದಿವಸ ಉಪವಾಸ ಹಿಡಿಯುತ್ತಿದ್ದಳು. ಮಾಂಸವಿಲ್ಲ, ಹಾಲಿಲ್ಲ. ಒಮ್ಮೆ ನನ್ನ ಅತ್ತಿಗೆಯು ಅವಳ ಸಾರಿಗೆ ಬೆಣ್ಣೆ ಹಾಕಿದಳು. ತಾಯಿಯು ಅತ್ತಳು. ನಾನು ಅದನ್ನು ನೋಡಿದವಳು. ಆದರೂ ಯೋಚಿಸಲಿಲ್ಲ."

ಡಬ್ಬಿಯನ್ನು ಎತ್ತಿ ಕಸಕ್ಕೆ ಎಸೆದಳು. ಮೇಲೆ ಹೋಗಿ ಆಯಿಯ ಕಾಲು ಹಿಡಿಯುತ್ತೇನೆಂದು ಹೊರಟವಳನ್ನು ನಾನೇ ತಡೆದೆ.

ಎರಡನೆಯ ಟ್ರೇ

ಮಧ್ಯಾಹ್ನ ಆಯಿ ಕೆಳಗೆ ಬರಲಿಲ್ಲ. ಕೊಟ್ಟು ಕಳಿಸಿದ ಹಾಲು ಹಾಗೇ ವಾಪಸು ಬಂತು.

ಸುಮ್ಮನೆ ಕೂಡುವುದು ನನ್ನಿಂದಾಗದ ಕೆಲಸ. ನಾಲ್ಕು ಗಂಟೆಗೆ ಬಟಾಟಿ ಬುಟ್ಟಿ ಎಳೆದುಕೊಂಡೆ. ಎಲೆನಿ ಪಕ್ಕಕ್ಕೆ ಬಂದು ನಿಂತಳು. ಅವಳ ಚಿಂತೆ ಒಂದೇ: ಬರೀ ನೀರು, ನಿಂಬೆರಸ ಹಾಕಿದರೆ ಬಟಾಟಿಗೆ ಸತ್ವ ಬರುವುದಿಲ್ಲ, ರಸ ಬೇಕು. ನೀರು ತೋರಿಸಿ, ಹುಬ್ಬೇರಿಸಿ ತಲೆ ಹಿಂದಕ್ಕೆ ಎತ್ತಿದಳು.

ಚೀಲದ ತಳದಲ್ಲಿ ಇನ್ನೊಂದು ಹೊತ್ತಿಗಾಗುವಷ್ಟು ತೊಗರಿಬೇಳೆ ಉಳಿದಿತ್ತು. ನಮ್ಮಲ್ಲಿ ಕಟ್ಟಿನ ಸಾರಿಗೆ ಬೇಳೆ ಬೇಯಿಸಿ ಮೇಲಿನ ತಿಳಿ ಬಸಿದುಕೊಳ್ಳುತ್ತೇವಲ್ಲ, ಆ ಕಟ್ಟನ್ನೇ ಹಾಕಿದರೆ ಹೇಗೆ ಎಂದು ಹೊಳೆಯಿತು. ಅದಕ್ಕೂ ಸತ್ವ ಇದೆ. ಬೇಳೆಗೆ ಅರಿಸಿನ, ಚೂರು ಎಣ್ಣೆ ಹಾಕಿ ಮೆತ್ತಗೆ ಬೇಯಿಸಿ ಕಟ್ಟು ಬಸಿದೆ. ಎಲೆನಿ ಚಮಚದಲ್ಲಿ ರುಚಿ ನೋಡಿ, ಕಣ್ಣು ಕಿರಿದು ಮಾಡಿ, ಇನ್ನೊಂದು ಚಮಚ ತೆಗೆದುಕೊಂಡಳು. "ನೇ," ಎಂದಳು.

ಬಟಾಟಿಯನ್ನು ಉದ್ದುದ್ದ ಹೆಚ್ಚಿ ಟ್ರೇಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿದೆ. ಜಜ್ಜಿದ ಬೆಳ್ಳುಳ್ಳಿ, ಮೆಣಸಿನ ಪುಡಿ, ಅವಳ ರಿಗಾನಿ, ಕೈ ತುಂಬ ಆಲಿವ್ ಎಣ್ಣೆ, ಐದು ನಿಂಬೆಹಣ್ಣಿನ ರಸ. ಬಟಾಟಿ ಅರ್ಧ ಮುಳುಗುವಷ್ಟು ಕಟ್ಟು. ಓವನ್ನಿನ ಗಾಜಿನ ಮುಂದೆ ನಿಂತೆ. ಎಲೆನಿ ಕುರ್ಚಿ ತಂದಿಟ್ಟರೂ ಕೂಡಲಿಲ್ಲ. ಮೊದಲು ಕಟ್ಟು ಕುದಿಯಿತು. ಬಟಾಟಿ ಅದನ್ನು ಕುಡಿದುಕೊಂಡಿತು. ಮುಕ್ಕಾಲು ತಾಸಿಗೆ ಹೊರಗೆ ತೆಗೆದು ಒಂದೊಂದನ್ನೇ ಮಗುಚಿ ಮತ್ತೆ ಇಟ್ಟೆವು. ರಸ ಪೂರ್ತಿ ಹಿಂಗಿದ ಮೇಲೆ ಎಲೆನಿ ಬೆಂಕಿ ಜೋರು ಮಾಡಿದಳು. ಆಗ ಕಟ್ಟು ಅಂಚಿಗೆ ಹಿಡಿದು ಹೊಂಬಣ್ಣದ ಹಕ್ಕಳೆಯಾಯಿತು. ಕೋಳಿ ಬಿಲ್ಲೆ ಹಾಕಿದ್ದಕ್ಕಿಂತ ಗರಿಗರಿ. ಇದನ್ನು ನಾನಲ್ಲ, ಎಲೆನಿಯೇ ಒಂದು ತುಂಡಿನ ಅಂಚನ್ನು ಚಮಚದಿಂದ ತಟ್ಟಿ, ಸದ್ದು ಕೇಳಿ, ಬೆರಳಿಗೆ ಮುತ್ತಿಟ್ಟು ಹೇಳಿದಳು.

ಟ್ರೇ ಇಳಿಸುವ ಹೊತ್ತಿಗೆ ಬಾಗಿಲಲ್ಲಿ ಆಯಿ ನಿಂತಿದ್ದರು. ಗೋಡೆ ಹಿಡಿದು ಒಬ್ಬರೇ ಇಳಿದು ಬಂದಿದ್ದರು. ಶೈಲಜಾ ಹಿಂದೆ ಇದ್ದಳು.

"ಸುವರ್ಣಾ, ಇಲ್ಲಿ ಬಾ ಬೇ," ಎಂದರು. ಹೋದೆ.

"ಮುಂಜಾನಿಂದ ನಿನಗ ಬೈಬೇಕಂತ ಮಾಡೀನಿ. ಆದ್ರ ನನ್ನ ಮನಸ್ಸಿನ್ಯಾಗ ಅದು ಇಲ್ಲ. ಬ್ಯಾರೆ ಒಂದು ಹೆದರಿಕಿ ಹೊಕ್ಕೇದ." ಆಯಿ ದನಿ ತಗ್ಗಿಸಿದರು. "ಎಂಟ ತಿಂಗಳ ಮ್ಯಾಲೆ ಬಾಯಿಗಿ ರುಚಿ ಬಂತಲ್ಲ. ಅದು ನಿಂಬಿಹಣ್ಣಿಂದ ಬಂತೋ, ಕೋಳಿಂದ ಬಂತೋ? ಕೋಳಿಂದ ಅಂದ್ರ ಇನ್ನ ಮ್ಯಾಲ ನಾ ಏನ ತಿಂದು ಬದುಕಲಿ? ಪೂಜಿಗಿ ಕೂತ್ರೂ ಅದೇ, ಮಲಗಿದ್ರೂ ಅದೇ."

ಟ್ರೇಯನ್ನು ಅವರಿಗೆ ತೋರಿಸಿದೆ. "ಇದ್ರಾಗ ನಮ್ಮ ಆಳಂದ ಬ್ಯಾಳಿ ಕಟ್ಟು ಅದರಿ. ಇವತ್ತ ನಾ ಕಣ್ಣ ಮುಚ್ಚಿಲ್ಲ. ತಿನ್ನೂದು ಬಿಡೂದು ನಿಮಗ ಬಿಟ್ಟದ್ದು," ಎಂದೆ.

ಆಯಿ ಮೇಜಿನ ಹತ್ತಿರ ಕೂತರು. ಎಲೆನಿ ಸದ್ದಿಲ್ಲದೆ ತಟ್ಟೆ ಇಟ್ಟಳು. ಶೈಲಜಾ ಕೈ ಚಾಚಲಿಲ್ಲ. ಆಯಿಯೇ ಟ್ರೇಯಿಂದ ಒಂದು ತುಂಡು ಆರಿಸಿಕೊಂಡು, ಊದಿ, ಬಾಯಿಗಿಟ್ಟರು. ಕುರುಂ ಎಂದ ಸದ್ದು ನಮಗೆಲ್ಲ ಕೇಳಿತು. ನಿಧಾನಕ್ಕೆ ಅಗಿದು ನುಂಗಿದರು. ಇನ್ನೊಂದು ತೆಗೆದುಕೊಂಡರು. ಅದನ್ನೂ ನುಂಗಿದರು.

"ಉಪ್ಪು ಕಡಿಮಿ ಆಗೇದಲ್ಲ ಬೇ," ಎಂದರು ಆಯಿ.

ಆಯಿಯ ಮಾತು ಕಿವಿಗೆ ಬಿದ್ದ ಮೇಲೇ ನನಗೆ ನೆನಪಾದದ್ದು. ಎಲ್ಲ ಹಾಕಿದ್ದೆ, ಉಪ್ಪನ್ನು ಹಾಕಿರಲೇ ಇಲ್ಲ. ಹದಿನೇಳು ವರ್ಷದಲ್ಲಿ ಅಂಥ ತಪ್ಪು ಮಾಡಿದವಳಲ್ಲ. ಶೈಲಜಾ ಬಾಯಿಗೆ ಸೆರಗು ಒತ್ತಿಕೊಂಡಳು. ಮೊದಲು ಅಳುತ್ತಿದ್ದಾಳೆ ಎಂದುಕೊಂಡೆ, ನೋಡಿದರೆ ನಗುತ್ತಿದ್ದಳು. ಆಮೇಲೆ ಎರಡೂ ಒಟ್ಟಿಗೆ ಬಂತು. ಭಾಷೆ ತಿಳಿಯದ ಎಲೆನಿ ನಮ್ಮ ಮುಖ ಮುಖ ನೋಡಿದಳು. ಆಯಿ ಬೆರಳ ತುದಿ ಉಜ್ಜಿ ಉದುರಿಸಿದಂತೆ ತೋರಿಸಿದ ಮೇಲೆ ಅವಳಿಗೆ ಅರ್ಥವಾಯಿತು. ಉಪ್ಪಿನ ಬಟ್ಟಲು ತಂದು ಆಯಿಯ ಮುಂದಿಟ್ಟಳು.

ಆಯಿ ತಾವೇ ಉದುರಿಸಿಕೊಂಡು, ಮೂರನೆಯ ತುಂಡು ತಿಂದು, "ಈಗ ಬರೋಬ್ಬರಿ ಆತು," ಎಂದರು.

ಊಟ ಮುಗಿದು ಎಲ್ಲರೂ ಬಂದರಿನ ಕಡೆ ಗಾಳಿ ನೋಡಲು ಹೋದರು. ನಾನು ಟ್ರೇ ತಿಕ್ಕುತ್ತಿದ್ದೆ. ಶೈಲಜಾ ಬಂದು ಪಕ್ಕದಲ್ಲಿ ನಿಂತು, ತೊಳೆದ ತಟ್ಟೆಗಳನ್ನು ಒಂದೊಂದಾಗಿ ಒರೆಸತೊಡಗಿದಳು. ಬೆಳಗಿನಿಂದ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ನಾಲ್ಕೈದು ತಟ್ಟೆ ಆದ ಮೇಲೆ ಕೇಳಿದಳು:

"ನಮ್ಮ ಮನ್ಯಾಗ ಓವನ್ ಇಲ್ರಿ ಅಕ್ಕಾರ. ಒಲಿ ಮ್ಯಾಲ ಮಾಡಿದ್ರ ಆಗ್ತದೇನು?"

"ಆಗ್ತದ್ರಿ," ಎಂದೆ. "ದಪ್ಪ ತಳದ ಬೋಗಾಣಿ ಇರಬೇಕು. ಕಟ್ಟು ಹಿಂಗೂತನ ಮುಚ್ಚಳ ಮುಚ್ಚರಿ, ಹಿಂಗಿದ ಮ್ಯಾಲ ಮುಚ್ಚಳ ತಗದು ಉರಿ ಸಣ್ಣ ಮಾಡ್ರಿ. ಅವಸರ ಮಾಡಿ ಕೈ ಆಡಿಸಬ್ಯಾಡ್ರಿ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಪರ್ಸಿನಿಂದ ಪೆನ್ನು ತೆಗೆದಳು. "ಇನ್ನೊಮ್ಮಿ ಹೇಳ್ರಿ," ಎಂದಳು. "ಉಪ್ಪಿಂದ ಸುರು ಮಾಡ್ರಿ."